ಒಣಮೀನಿಗೆ ವಿಷ ಬೇಡ, ಸೊಪ್ಪೊಂದೇ ಸಾಲದು

ಮಲೆನಾಡಿನ ಪರಿಸರ ಚರ್ಚೆಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ, ಕಾಳುಮೆಣಸಿನ ಸೊರಗುರೋಗಕ್ಕೆ, ಭತ್ತದ ಕಣಜದ ಹುಳುವಿಗೆ ಪುಟಗಟ್ಟಲೆ ಸ್ಥಳ ದೊರೆತಿದೆ. ಬೇಳೆಕಾಳಿಗೆ ಲಕ್ಕಿಸೊಪ್ಪು ಬೆರೆಸುವ, ಬೀಜದ ಕುಡಿಕೆಗೆ ಬೂದಿ ಹಾಕುವ ಅಜ್ಜಿಯರ ಜಾಣ್ಮೆಯನ್ನು ನಾವು ಹೆಮ್ಮೆಯಿಂದ ಬರೆದಿದ್ದೇವೆ, ಓದಿದ್ದೇವೆ. ಆದರೆ ಈ ಬೆಟ್ಟದ ಸಾಲಿನ ಸಾವಿರಾರು ಅಡುಗೆಮನೆಗಳಲ್ಲಿ ಮಳೆಗಾಲ ಕಳೆಯಲು ಆಧಾರವಾಗಿರುವ ಒಂದು ಆಹಾರದ ಬಗ್ಗೆ ನಮ್ಮ ಬರಹಗಳು ಮೌನವಾಗಿವೆ. ಆ ಆಹಾರ ಒಣಮೀನು. ಅದನ್ನು ತಿನ್ನುವವರು ಹೆಚ್ಚಾಗಿ ಬರೆಯುವವರಲ್ಲ. ಬರೆಯುವವರಲ್ಲಿ ಅನೇಕರು ಅದನ್ನು ತಿನ್ನುವವರಲ್ಲ. ಮೌನಕ್ಕೆ ಇದೇ ಕಾರಣವಾಗಿದ್ದರೆ ಅದನ್ನು ಮುರಿಯುವುದು ಒಳ್ಳೆಯದು. ಏಕೆಂದರೆ ಸಂಗ್ರಹಿಸಿಟ್ಟ ಒಣಮೀನನ್ನು ಹುಳುವಿನಿಂದ ಕಾಪಾಡುವ ಪ್ರಶ್ನೆಯೊಳಗೆ ವಿಷಮುಕ್ತ ಆಹಾರ, ದೇಸಿ ಜ್ಞಾನ, ಕಾಡಿನ ಉತ್ಪನ್ನಗಳ ಬಳಕೆ, ಬಡವರ ಪೌಷ್ಟಿಕತೆ ಎಂಬ ನಮ್ಮ ಎಲ್ಲ ಕಾಳಜಿಗಳೂ ಒಂದೆಡೆ ಬಂದು ಕೂಡುತ್ತವೆ.

ಮಳೆಗಾಲದ ಬುತ್ತಿ

ಘಟ್ಟದ ಮೇಲಿಗೂ ಕೆಳಗಿಗೂ ಇರುವ ಸಂಬಂಧ ಬಹಳ ಹಳೆಯದು. ಅಕ್ಕಿ, ಅಡಿಕೆ, ಮೆಣಸು ಇಳಿದುಹೋದ ದಾರಿಯಲ್ಲೇ ಉಪ್ಪು, ತೆಂಗು, ಒಣಮೀನು ಏರಿಬಂದವು. ಇಂದಿಗೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಲೆನಾಡಿನ ಸಂತೆಗಳಲ್ಲಿ ಒಣಮೀನಿನ ಸಾಲುಗಳೇ ಬೇರೆ ಇರುತ್ತವೆ. ಬಂಗಡೆ, ತಾರಲೆ, ಸಿಗಡಿ, ಸೊರ ಮೊದಲಾದುವನ್ನು ಕೂಲಿಯವರು, ಸಣ್ಣ ರೈತರು, ಕಾಡಂಚಿನ ಬುಡಕಟ್ಟಿನವರು ಮಳೆಗಾಲಕ್ಕೆಂದು ಕೊಂಡಿಡುತ್ತಾರೆ. ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಆ ನಿಷೇಧ ಸಮುದ್ರದ ಹಿತಕ್ಕೆ ಅಗತ್ಯ. ಆದರೆ ಅದೇ ಎರಡು ತಿಂಗಳಲ್ಲಿ ಮಲೆನಾಡಿನಲ್ಲಿ ಕೂಲಿ ಕಡಿಮೆ, ತರಕಾರಿ ದುಬಾರಿ, ದಾರಿ ದುರ್ಗಮ. ಉಪ್ಪು ಹಾಕದೆ ಚೆನ್ನಾಗಿ ಒಣಗಿಸಿದ ಸಣ್ಣ ಮೀನಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಪ್ರೋಟೀನೇ ಇರುತ್ತದೆ. ಮುಳ್ಳುಸಹಿತ ತಿನ್ನುವುದರಿಂದ ಸುಣ್ಣದ ಅಂಶವೂ ದೊರೆಯುತ್ತದೆ. ಗಂಜಿಯೊಡನೆ ಸುಟ್ಟ ಒಂದು ತುಂಡು ಒಣಮೀನು ಇದೆಯೆಂದರೆ ಆ ದಿನದ ಊಟ ಬರಿಯ ಅನ್ನವಾಗಿ ಉಳಿಯುವುದಿಲ್ಲ.

ಹೀಗೆ ಕೊಂಡಿಟ್ಟ ಮೀನಿಗೆ ಹುಳು ಬಿದ್ದರೆ ಆಗುವ ನಷ್ಟವನ್ನು ಹಣದಲ್ಲಿ ಮಾತ್ರ ಅಳೆಯುವಂತಿಲ್ಲ. ಆಷಾಢದ ನಡುವೆ ಡಬ್ಬಿಯ ಮುಚ್ಚಳ ತೆಗೆದಾಗ ಮೀನಿನ ಜಾಗದಲ್ಲಿ ಚರ್ಮ, ಮುಳ್ಳು ಮತ್ತು ಹುಡಿ ಮಾತ್ರ ಉಳಿದಿದ್ದರೆ ಆ ಮನೆಯವರಿಗೆ ಅದರ ಬದಲಿಗೆ ಕೊಳ್ಳಬಹುದಾದುದು ಏನೂ ಇರುವುದಿಲ್ಲ. ಕರಾವಳಿಯ ಕಡೆಯಲ್ಲಿ ಈ ನಷ್ಟವನ್ನು ಹೊರುವವರು ಮೀನು ಒಣಗಿಸಿ ಮಾರುವ ಹೆಂಗಸರು. ಹುಳುಬಿದ್ದ ಸರಕಿನ ಬೆಲೆ ಇಳಿಯುತ್ತದೆ. ಇಳಿದ ಬೆಲೆಯ ಭಯದಿಂದ ವಿಷದ ಬಾಟಲಿಯ ಆಸೆ ಹುಟ್ಟುತ್ತದೆ.

ಹುಳು ಬರುವ ಬಗೆ

ಶತ್ರುವನ್ನು ಅರಿಯದೆ ಮದ್ದನ್ನು ಹುಡುಕುವುದು ವ್ಯರ್ಥ. ಒಣಮೀನನ್ನು ಕಾಡುವ ಕೀಟಗಳು ಎರಡು ಹಂತಗಳಲ್ಲಿ ಬರುತ್ತವೆ. ಮೀನು ಇನ್ನೂ ಹಸಿಯಾಗಿರುವಾಗ, ಬಿಸಿಲಿಗೆ ಹರವಿದ ಮೊದಲ ಒಂದೆರಡು ದಿನಗಳಲ್ಲಿ, ಹಸಿರು-ನೀಲಿ ಹೊಳಪಿನ ಮಾಂಸದ ನೊಣಗಳು ಬಂದು ಮೊಟ್ಟೆಯಿಡುತ್ತವೆ. ಅವುಗಳ ಮರಿಹುಳುಗಳು ಒದ್ದೆ ಮಾಂಸವನ್ನು ಕೊಳೆಯಿಸಿ ತಿನ್ನುತ್ತವೆ. ಮೋಡ ಕವಿದ ದಿನಗಳಲ್ಲಿ ಈ ಹಾವಳಿ ಹೆಚ್ಚು. ಮೀನು ಒಣಗಿ ಗಟ್ಟಿಯಾದಂತೆ ನೊಣಗಳ ಕಾಲ ಮುಗಿಯುತ್ತದೆ. ದುಂಬಿಗಳ ಕಾಲ ಆರಂಭವಾಗುತ್ತದೆ.

ಈ ದುಂಬಿಗಳಲ್ಲಿ ಮುಖ್ಯವಾದುದು ಡರ್ಮೆಸ್ಟಿಸ್ ಕುಲದ್ದು. ಅದರಲ್ಲಿಯೂ ಡರ್ಮೆಸ್ಟಿಸ್ ಮ್ಯಾಕುಲೇಟಸ್ ಎಂಬ ಜಾತಿ ಉಷ್ಣವಲಯದ ದೇಶಗಳಲ್ಲೆಲ್ಲ ಒಣಮೀನಿನ ಬದ್ಧವೈರಿ. ಕಪ್ಪು-ಕಂದು ಬಣ್ಣದ ಈ ದುಂಬಿ ಹಸಿ ತೊಗಲನ್ನೂ ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಪ್ರಾಣಿಗಳ ಅಸ್ಥಿಪಂಜರವನ್ನು ಮಾಂಸದಿಂದ ಬಿಡಿಸಲು ಇದೇ ಕುಲದ ಹುಳುಗಳನ್ನು ಸಾಕುತ್ತಾರೆಂದರೆ ಅವುಗಳ ಹಸಿವಿನ ಅಂದಾಜು ಸಿಗುತ್ತದೆ. ಮೀನಿಗೆ ಹೆಚ್ಚಿನ ಹಾನಿ ಮಾಡುವುದು ಮೈಯೆಲ್ಲ ರೋಮವಿರುವ ಅದರ ಮರಿಹುಳು. ಕಳಚಿದ ಪೊರೆಗಳೂ ರೋಮಗಳೂ ಮೀನಿನ ನಡುವೆ ಉಳಿಯುತ್ತವೆ. ಕೋಶಾವಸ್ಥೆಗೆ ಹೋಗುವ ಮುನ್ನ ಅದು ಸುರಕ್ಷಿತ ಜಾಗ ಹುಡುಕುತ್ತ ಮರದ ಹಲಗೆಯನ್ನೂ ಕೊರೆಯುತ್ತದೆ. ತೆಳು ಪ್ಲಾಸ್ಟಿಕ್ ಚೀಲ ಅದಕ್ಕೆ ಅಡ್ಡಿಯೇ ಅಲ್ಲ. ಎರಡನೆಯದು ನೆಕ್ರೋಬಿಯಾ ರೂಫಿಪಿಸ್. ನೀಲಿ-ಹಸಿರು ಮೈ, ಕೆಂಪು ಕಾಲು. ಇದು ಕೊಬ್ಬರಿಯ ಹುಳುವೂ ಹೌದು. ಕೊಬ್ಬರಿಯನ್ನೂ ಒಣಮೀನನ್ನೂ ಒಂದೇ ಕೋಣೆಯಲ್ಲಿ ಇಡುವ ಅಂಗಡಿಗಳು ಈ ದುಂಬಿಗೆ ಎರಡು ಹೊತ್ತಿನ ಊಟ ಬಡಿಸಿದಂತೆ.

ಉಪ್ಪು ಇವುಗಳಿಗೆ ಆಗದು. ಮೀನಿನಲ್ಲಿ ಉಪ್ಪಿನ ಅಂಶ ಶೇಕಡಾ ಹತ್ತರ ಸುಮಾರಿಗೆ ಬಂದರೆ ಡರ್ಮೆಸ್ಟಿಸ್ ಮ್ಯಾಕುಲೇಟಸ್ ಸಂತತಿ ಬೆಳೆಸಲು ತಿಣುಕುತ್ತದೆ. ಅದರ ಕುಲದ ಬೇರೆ ಕೆಲವು ಜಾತಿಗಳು ಇನ್ನಷ್ಟು ಉಪ್ಪನ್ನು ತಾಳಿಕೊಳ್ಳುತ್ತವೆಯಾದರೂ ಒಟ್ಟಿನಲ್ಲಿ ಉಪ್ಪುಮೀನಿಗಿಂತ ಸಪ್ಪೆಮೀನಿಗೇ ಹುಳುವಿನ ಕಾಟ ಹೆಚ್ಚು. ಆದರೆ ಮಲೆನಾಡಿನಲ್ಲಿ ಉಪ್ಪಿಗೂ ಒಂದು ದೌರ್ಬಲ್ಯವಿದೆ. ಗಾಳಿಯ ತೇವ ಶೇಕಡಾ ೭೫ನ್ನು ದಾಟಿದರೆ ಉಪ್ಪು ನೀರನ್ನು ಹೀರಿ ಕರಗತೊಡಗುತ್ತದೆ. ನಮ್ಮ ಮಳೆಗಾಲದ ಗಾಳಿ ವಾರಗಟ್ಟಲೆ ಅದಕ್ಕಿಂತ ಒದ್ದೆಯಾಗಿರುತ್ತದೆ. ತೆರೆದಿಟ್ಟ ಉಪ್ಪುಮೀನು ಬೆವರುತ್ತದೆ, ಕೆಂಪಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕರಾವಳಿಯಲ್ಲಿ ಬೇಸಗೆಯಲ್ಲಿ ಸರಿಹೋಗುವ ಉಪಾಯ ಘಟ್ಟದ ಮೇಲೆ ಶ್ರಾವಣದಲ್ಲಿ ಸರಿಹೋಗುತ್ತದೆಂದು ತಿಳಿಯಬಾರದು.

ವಿಷದ ಹಾದಿ

ಹುಳುವಿನ ಭಯಕ್ಕೆ ಜಗತ್ತು ಕಂಡುಕೊಂಡ ಸುಲಭದ ದಾರಿ ಕೀಟನಾಶಕ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ತೀರದಲ್ಲಿ ಮೀನು ಒಣಗಿಸುವವರು ಹೊಲಕ್ಕೆಂದು ತಯಾರಾದ ಕೀಟನಾಶಕಗಳನ್ನು ಮೀನಿಗೆ ಬಳಸುವುದನ್ನು ಅಲ್ಲಿನ ಸಂಶೋಧಕರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಮಾರುಕಟ್ಟೆಯ ಒಣಮೀನಿನಲ್ಲಿ ಡಿಡಿಟಿಯ ಶೇಷವೂ ಕಂಡುಬಂದಿದೆ. ಪಶ್ಚಿಮ ಆಫ್ರಿಕದಲ್ಲಿ ಚಾಡ್ ಸರೋವರದಿಂದ ನೈಜೀರಿಯದ ಪೇಟೆಗಳಿಗೆ ಹೋಗುವ ಹೊಗೆಯಾಡಿಸಿದ ಒಣಮೀನಿನದೂ ಇಂತಹುದೇ ಕಥೆ. ಎಲ್ಲೆಡೆಯೂ ಕ್ರಮ ಒಂದೇ: ಮಳೆ ಅಥವಾ ಮೋಡದಿಂದ ಒಣಗುವುದು ತಡವಾಗುತ್ತದೆ, ಹುಳು ಬೀಳುತ್ತದೆ, ವ್ಯಾಪಾರಿ ಬೆಲೆ ಇಳಿಸುತ್ತಾನೆ, ಒಣಗಿಸುವವರು ವಿಷದ ನೀರಿನಲ್ಲಿ ಮೀನನ್ನು ಅದ್ದುತ್ತಾರೆ.

ಹೊಲದ ಬೆಳೆಗೆ ಸಿಂಪಡಿಸಿದ ವಿಷಕ್ಕೂ ಒಣಮೀನಿಗೆ ಹಾಕಿದ ವಿಷಕ್ಕೂ ಒಂದು ವ್ಯತ್ಯಾಸವಿದೆ. ಬೆಳೆಯ ಮೇಲಿನ ವಿಷವನ್ನು ಮಳೆ ಸ್ವಲ್ಪ ತೊಳೆಯುತ್ತದೆ, ಬಿಸಿಲು ಸ್ವಲ್ಪ ಒಡೆಯುತ್ತದೆ, ಸಿಪ್ಪೆ ಸ್ವಲ್ಪ ಹೋಗುತ್ತದೆ. ಒಣಮೀನು ಚೀಲದೊಳಗೆ ಕತ್ತಲಲ್ಲಿ ಇರುತ್ತದೆ. ಅದಕ್ಕೆ ಸುಲಿಯುವ ಸಿಪ್ಪೆಯಿಲ್ಲ. ಅದರ ಕೊಬ್ಬು ಡಿಡಿಟಿಯಂತಹ ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಂಡದ ಮೇಲೆ ಸುಟ್ಟು ತಿನ್ನುವವರು ಅದನ್ನು ನೆನೆಸಿ ತೊಳೆಯುವುದೂ ಇಲ್ಲ.

ಭಾರತದಲ್ಲಿ ಡಿಡಿಟಿಯ ಕೃಷಿ ಬಳಕೆಯನ್ನು ೧೯೮೯ರಲ್ಲಿ ನಿಷೇಧಿಸಲಾಯಿತು. ಮನೆಯ ಜಿರಳೆಯಿಂದ ಹಿಡಿದು ಗೋದಾಮಿನ ಹುಳುವಿನವರೆಗೆ ಎಲ್ಲಕ್ಕೂ ಬಳಕೆಯಾಗುತ್ತಿದ್ದ ಡೈಕ್ಲೋರ್‌ವಾಸ್ ಅನ್ನು ೨೦೧೮ರ ಆದೇಶದಂತೆ ೨೦೨೦ರ ಡಿಸೆಂಬರ್ ೩೧ರಿಂದ ನಿಷೇಧಿಸಲಾಯಿತು. ಇವು ಸ್ವಾಗತಾರ್ಹ ಹೆಜ್ಜೆಗಳು. ಆದರೆ ನಿಷೇಧದ ಕಾಗದಕ್ಕೂ ಸಂತೆಯ ಚೀಲಕ್ಕೂ ನಡುವಿನ ಅಂತರವನ್ನು ಎಂಡೋಸಲ್ಫಾನ್ ನಮಗೆ ಕಲಿಸಿದೆ. ಕಾಸರಗೋಡಿನ ಗೇರುತೋಪುಗಳ ಮೇಲೆ, ದಕ್ಷಿಣ ಕನ್ನಡದ ಕೊಕ್ಕಡ ಮುಂತಾದ ಹಳ್ಳಿಗಳ ಮೇಲೆ ಸುರಿದ ಆ ವಿಷಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು ೨೦೧೧ರಲ್ಲಿ. ಅಷ್ಟರೊಳಗೆ ಒಂದು ತಲೆಮಾರಿನ ಮಕ್ಕಳು ಅದರ ಫಲವನ್ನು ಮೈಯಲ್ಲಿ ಹೊತ್ತಾಗಿತ್ತು. ೨೦೧೮ರಲ್ಲಿ ಕೇರಳದ ಗಡಿ ತನಿಖಾ ಠಾಣೆಗಳಲ್ಲಿ ಫಾರ್ಮಾಲಿನ್ ಬೆರೆತ ಹಸಿಮೀನು ಸಿಕ್ಕಿಬಿದ್ದಾಗ ದಕ್ಷಿಣದ ರಾಜ್ಯಗಳೆಲ್ಲ ಎಚ್ಚೆತ್ತವು. ಅದು ಪೇಟೆಯ ತಟ್ಟೆಗೆ ಹೋಗುವ ಮೀನು. ಕೂಲಿಯವರ ಗಂಜಿಯ ಪಕ್ಕಕ್ಕೆ ಹೋಗುವ ಒಣಮೀನಿನ ಬಗ್ಗೆ ಅದೇ ಎಚ್ಚರ ಮೂಡಲು ಇನ್ನೊಂದು ದುರಂತ ನಡೆಯಬೇಕಿಲ್ಲ.

ಸಸ್ಯಗಳು ಏನು ಮಾಡಬಲ್ಲವು

ವಿಷಕ್ಕೆ ಬದಲು ಸಸ್ಯ ಎಂಬ ಮಾತು ಕಿವಿಗೆ ಇಂಪಾಗಿದೆ. ಅದರಲ್ಲಿ ಹುರುಳೂ ಇದೆ. ಮೀನಿನ ದುಂಬಿಯ ಮೇಲೆ ಸಸ್ಯಗಳನ್ನು ಪ್ರಯೋಗಿಸಿ ನೋಡುವ ಕೆಲಸ ನೈಜೀರಿಯದ ಪ್ರಯೋಗಾಲಯಗಳಲ್ಲಿ ದಶಕಗಳಿಂದ ನಡೆದಿದೆ. ಅಲ್ಲಿ ಒಳ್ಳೆಯ ಫಲ ಕೊಟ್ಟವುಗಳಲ್ಲಿ ಮೂರು ನಮಗೆ ಕುತೂಹಲಕಾರಿ. ಒಂದು, ನಮ್ಮ ಕಾಳುಮೆಣಸಿನ ಹತ್ತಿರದ ಬಂಧುವಾದ ಅಲ್ಲಿನ ಕಾಡುಮೆಣಸು. ಎರಡು, ಲವಂಗ. ಮೂರು, ನಮ್ಮ ಜುಮ್ಮನಕಾಯಿಯ ಕುಲಕ್ಕೆ ಸೇರಿದ ಒಂದು ಮರದ ಬೇರಿನ ತೊಗಟೆ. ಜುಮ್ಮನಕಾಯಿಯನ್ನು ಕೊಂಕಣಿಯವರು ತೆಪ್ಪಳ, ತಿರ್ಫಳ ಎಂದು ಕರೆದು ಬಂಗಡೆಯ ಸಾರಿಗೆ ತಪ್ಪದೆ ಹಾಕುತ್ತಾರೆ. ನಾಲಿಗೆಯನ್ನು ಜುಮ್ಮೆನ್ನಿಸುವ ಅದರ ಕಾಯಿ ಮೀನಿನ ಜೊತೆಗೆ ನಮ್ಮ ಅಡುಗೆಮನೆಗೆ ಹೊಸತೇನಲ್ಲ.

ಸಸ್ಯಗಳು ಕೆಲಸ ಮಾಡುವ ಬಗೆ ಒಂದೇ ತೆರನಲ್ಲ. ಲವಂಗ, ನಿಂಬೆಹುಲ್ಲುಗಳ ಆವಿಯಾಗುವ ತೈಲ ದುಂಬಿಯನ್ನು ದೂರವಿಡುತ್ತದೆ, ಮುಚ್ಚಿದ ಪಾತ್ರೆಯಲ್ಲಾದರೆ ಉಸಿರುಗಟ್ಟಿಸಿ ಕೊಲ್ಲಲೂಬಹುದು. ಮೆಣಸಿನ ಪೈಪರಿನ್ ಮೈಗೂ ಹೊಟ್ಟೆಗೂ ಉರಿ. ಬೇವಿನ ಅಜಾಡಿರಾಕ್ಟಿನ್ ಹುಳುವಿಗೆ ತಿನ್ನುವ ಆಸೆಯನ್ನೇ ಕೆಡಿಸುತ್ತದೆ ಮತ್ತು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಯಾವುದೇ ಅಡುಗೆ ಎಣ್ಣೆಯ ತೆಳು ಲೇಪ ಮೊಟ್ಟೆಗಳಿಗೆ ಗಾಳಿ ಸಿಗದಂತೆ ಮಾಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಮೀನಿನ ಬುಟ್ಟಿ ತೂಗುಹಾಕುವ ನಮ್ಮ ಹಳೆಯ ಪದ್ಧತಿಯೂ ಸಸ್ಯಮೂಲದ ರಕ್ಷಣೆಯೇ: ಬಿಸಿ ಮೀನನ್ನು ಒಣಗಿಸಿಡುತ್ತದೆ, ಹೊಗೆಯ ಅಂಶಗಳು ಕೀಟವನ್ನೂ ಬೂಷ್ಟನ್ನೂ ದೂರವಿಡುತ್ತವೆ.

ಇಲ್ಲಿಯೇ ಮಿತಿಗಳನ್ನೂ ಹೇಳಬೇಕು. ಆವಿಯಾಗುವ ತೈಲ ಆವಿಯಾಗಿಯೇ ತೀರುತ್ತದೆ. ಗೋಣಿಚೀಲದಲ್ಲಿಟ್ಟ ಮೀನಿನ ನಡುವೆ ಲವಂಗದ ಹುಡಿ ಎರಚಿದರೆ ಕೆಲವು ವಾರಗಳ ನಂತರ ವಾಸನೆಯಷ್ಟೇ ಉಳಿದೀತು. ಪ್ರಯೋಗಾಲಯದ ಗಾಜಿನ ಬಟ್ಟಲಿನಲ್ಲಿ ಹತ್ತಾರು ಗ್ರಾಂ ಮೀನಿಗೆ ಬೆರೆಸಿದ ಪ್ರಮಾಣವನ್ನು ಕ್ವಿಂಟಾಲ್ ಮೀನಿಗೆ ಬೆರೆಸಿದರೆ ಖರ್ಚು ಮೀನಿನ ಬೆಲೆಯನ್ನೂ ಮೀರೀತು. ಬೇವಿನೆಣ್ಣೆಯ ಕಹಿ ಮೀನಿಗೆ ಹತ್ತುತ್ತದೆ. ಹುಳು ಮುಟ್ಟದ ಮೀನನ್ನು ಮನುಷ್ಯನೂ ಮುಟ್ಟದಂತಾದರೆ ಪ್ರಯೋಜನವೇನು? ಸರಿಯಾಗಿ ಒಣಗದ ಸೊಪ್ಪನ್ನು ಮೀನಿನ ಪದರಗಳ ನಡುವೆ ಹಾಸಿದರೆ ಅದರ ತೇವವೇ ಬೂಷ್ಟಿಗೆ ಆಹ್ವಾನ. ಹೊಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ದಟ್ಟ ಹೊಗೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿರುತ್ತವೆ, ಅಡುಗೆಮನೆಯ ಹೊಗೆಯನ್ನು ಕುಡಿಯುವವರು ಹೆಂಗಸರು, ಮೀನಿಗಾಗಿಯೇ ಸೌದೆ ಉರಿಸಿದರೆ ಅದರ ಭಾರ ಕಾಡಿನ ಮೇಲೆ.

ಹಸಿರೆಲ್ಲ ಅಮೃತವಲ್ಲ

‘ಗಿಡಮೂಲಿಕೆಯಾದ್ದರಿಂದ ಹಾನಿಯಿಲ್ಲ’ ಎಂಬ ನಂಬಿಕೆ ಪರಿಸರಾಸಕ್ತರಲ್ಲಿ ಬೇರೂರಿದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರೆಕಾಯಿಯನ್ನು ಜಜ್ಜಿ ಹಳ್ಳದ ಮಡುವಿಗೆ ಹಾಕಿದರೆ ಮೀನು ಮಂಪರುಗೊಂಡು ಮೇಲೆ ತೇಲುವುದನ್ನು ಕಂಡವರು ನಾವು. ಕಾಸರಕನ ಬೀಜ ಕೊಲ್ಲುತ್ತದೆಂಬುದು ದನ ಕಾಯುವ ಹುಡುಗನಿಗೂ ಗೊತ್ತು. ತಂಬಾಕಿನ ಕಷಾಯ ಹುಳುವನ್ನು ಖಂಡಿತ ಕೊಲ್ಲುತ್ತದೆ, ಏಕೆಂದರೆ ನಿಕೋಟಿನ್ ಮನುಷ್ಯನಿಗೂ ಪ್ರಬಲ ವಿಷ. ಆಹಾರಕ್ಕೆ ಅದನ್ನು ತಾಗಿಸಲೇಕೂಡದು.

ಬಜೆಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಮಗುವಿನ ನಾಲಿಗೆಗೆ ತೇಯ್ದು ನೆಕ್ಕಿಸುವ, ಧಾನ್ಯದ ಹುಳುವಿಗೂ ಬಳಸುವ ಈ ಬೇರು ಕೀಟಗಳ ಮೇಲೆ ಪರಿಣಾಮಕಾರಿ. ಆದರೆ ಭಾರತದ ಬಜೆಯ ತೈಲದಲ್ಲಿ ಹೇರಳವಾಗಿರುವ ಬೀಟಾ-ಅಸರೋನ್ ಎಂಬ ಅಂಶ ಇಲಿಗಳಲ್ಲಿ ಕ್ಯಾನ್ಸರ್ ಉಂಟುಮಾಡಿದ್ದರಿಂದ ಅಮೆರಿಕದಲ್ಲಿ ೧೯೬೮ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಲಾಯಿತು. ಬಿತ್ತನೆ ಬೀಜಕ್ಕೆ ಬಜೆ ಹಾಕಬಹುದು. ತಿನ್ನುವ ಮೀನಿಗೆ ಹಾಕುವುದು ಜಾಣತನವಲ್ಲ. ಸೇವಂತಿಗೆಯ ಬಂಧುವಾದ ಪೈರೆಥ್ರಮ್ ಹೂವಿನಿಂದ ತೆಗೆದ ಪೈರೆಥ್ರಿನ್ ಒಣಮೀನಿಗೆ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕೆಲವೇ ಕೀಟನಾಶಕಗಳಲ್ಲಿ ಒಂದು. ಅದೂ ಸಸ್ಯಮೂಲದ್ದೇ. ಆದರೆ ಕೀನ್ಯದ ಎತ್ತರದ ನಾಡಿನಿಂದ ಬರುವ ಆ ದುಬಾರಿ ಸರಕು, ಅದರ ಶಕ್ತಿ ಹೆಚ್ಚಿಸಲು ಬೆರೆಸುವ ರಾಸಾಯನಿಕ, ನಿಗದಿತ ಮಿತಿಯಲ್ಲಿ ಅಳೆಯಬೇಕಾದ ಶೇಷ, ಇವೆಲ್ಲ ಸಂತೆಯ ಮೀನಿಗೆ ಎಟುಕುವಂತಹುದಲ್ಲ. ಜೀವಂತ ಮೀನಿಗಂತೂ ಪೈರೆಥ್ರಿನ್ ಘೋರ ವಿಷ. ಅದ್ದಿದ ನೀರನ್ನು ಹೊಳೆಗೆ ಚೆಲ್ಲಿದರೆ ಆಗುವುದನ್ನು ಊಹಿಸಿಕೊಳ್ಳಬಹುದು.

ಹೀಗಾಗಿ ಒಂದು ಸರಳ ನಿಯಮವನ್ನು ನಾನು ಮುಂದಿಡುತ್ತೇನೆ: ಮೀನಿನ ಸಾರಿಗೆ ನಾವು ತಲೆತಲಾಂತರದಿಂದ ಹಾಕುತ್ತಿರುವುದನ್ನು ಮಾತ್ರ ಒಣಮೀನಿನ ರಕ್ಷಣೆಗೂ ಬಳಸಬೇಕು. ಕಾಳುಮೆಣಸು, ಒಣಮೆಣಸಿನಕಾಯಿ, ಅರಿಸಿನ, ಲವಂಗ, ಜುಮ್ಮನಕಾಯಿ, ಬೆಳ್ಳುಳ್ಳಿ, ಕೊಬ್ಬರಿ ಎಣ್ಣೆ. ಇವುಗಳ ಪಟ್ಟಿ ಚಿಕ್ಕದಲ್ಲ. ನಾಲಿಗೆ ಬಲ್ಲ ವಸ್ತುವನ್ನು ಬಿಟ್ಟು ಹೊಸ ಗಿಡವನ್ನು ಆಹಾರಕ್ಕೆ ತರುವವರು ಅದರ ಸುರಕ್ಷತೆಯನ್ನು ಮೊದಲು ಸಾಬೀತುಪಡಿಸಲಿ.

ಕಾಡಿನ ಲೆಕ್ಕ

ಸಸ್ಯಮೂಲದ ಮದ್ದಿಗೆ ಬೇಡಿಕೆ ಬಂದರೆ ಆ ಸಸ್ಯ ಬರುವುದು ಎಲ್ಲಿಂದ? ಉಪ್ಪಾಗೆಯ ಕಥೆ ಇಲ್ಲಿ ನೆನಪಾಗಬೇಕು. ಹಿಂದೆ ದಕ್ಷಿಣ ಕನ್ನಡದ ತೀರದಲ್ಲಿ ‘ಕೊಲಂಬೋ ಪದ್ಧತಿ’ ಎಂಬ ಮೀನು ಸಂಸ್ಕರಣೆ ಪ್ರಸಿದ್ಧವಾಗಿತ್ತು. ಬಂಗಡೆಯ ಕರುಳು, ಕಿವಿರು ತೆಗೆದು, ಉಪ್ಪು ಹಾಕಿ, ಒಣಗಿದ ಉಪ್ಪಾಗೆ ಸಿಪ್ಪೆಯೊಡನೆ ಮರದ ಪೀಪಾಯಿಗಳಲ್ಲಿ ಅದುಮಿಟ್ಟು ಸಿಂಹಳಕ್ಕೆ ಕಳುಹಿಸುತ್ತಿದ್ದರು. ಹುಳಿಯೂ ಉಪ್ಪೂ ಮೀನನ್ನು ಕೊಳೆಯದಂತೆ ಕಾಯುತ್ತಿದ್ದವು. ಉಪ್ಪುನೀರಿನೊಳಗೆ ಮುಳುಗಿದ ಮೀನಿಗೆ ದುಂಬಿಯ ಭಯವೇ ಇರಲಿಲ್ಲ. ಘಟ್ಟದ ಹಣ್ಣೂ ಕಡಲಿನ ಮೀನೂ ಕೂಡಿ ವಿಷವಿಲ್ಲದೆ ಆಹಾರವನ್ನು ಕಾಪಾಡಿದ ಸೊಗಸಾದ ಉದಾಹರಣೆ ಅದು. ಅದೇ ಉಪ್ಪಾಗೆಗೆ ೧೯೯೦ರ ದಶಕದಿಂದ ಬೊಜ್ಜು ಕರಗಿಸುವ ಮದ್ದಿನ ಹೆಸರಿನಲ್ಲಿ ವಿದೇಶೀ ಬೇಡಿಕೆ ಬಂದಾಗ ಆದುದೇನು? ಹಣ್ಣಾಗುವ ಮೊದಲೇ ಕೊಯ್ಲು, ಕೊಂಬೆ ಸಹಿತ ಕಡಿತ, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಲೆಕ್ಕವಿಲ್ಲದಷ್ಟು ಸೌದೆ. ಹಸಿರು ಉತ್ಪನ್ನವೊಂದು ಹಸಿರನ್ನೇ ತಿನ್ನಿತು.

ಜುಮ್ಮನಮರಕ್ಕೂ ಅದೇ ಗತಿ ಬರಬಾರದು. ಕಾಯಿಯನ್ನು ಕೊಯ್ದರೆ ಮರ ಉಳಿಯುತ್ತದೆ. ತೊಗಟೆಯನ್ನು, ಬೇರನ್ನು ಕೆತ್ತಿದರೆ ಸಾಯುತ್ತದೆ. ಆದ್ದರಿಂದ ತೊಗಟೆ, ಬೇರು ಆಧಾರಿತ ಯಾವ ಮದ್ದನ್ನೂ ಈ ಕಾಡುಗಳಿಂದ ವ್ಯಾಪಾರದ ಪ್ರಮಾಣದಲ್ಲಿ ತೆಗೆಯಕೂಡದು. ಬೇವನ್ನು ನಮಗೆ ಶಿಫಾರಸು ಮಾಡುವವರು ಅದು ಬಯಲುಸೀಮೆಯ ಮರವೆಂಬುದನ್ನೂ ನೆನಪಿಡಬೇಕು. ನಮ್ಮಲ್ಲಿ ಧಾರಾಳವಾಗಿರುವುದು ತೋಟದ ವಸ್ತುಗಳು. ಕಾಳುಮೆಣಸನ್ನು ತೂರಿದಾಗ ಉಳಿಯುವ ಜೊಳ್ಳು, ಹುಡಿ, ಕತ್ತುಗಳಿಗೆ ಪೇಟೆಯಲ್ಲಿ ಬೆಲೆ ಕಡಿಮೆ, ಖಾರವಿರುತ್ತದೆ. ಮೊದಲ ಪ್ರಯೋಗ ಆರಂಭವಾಗಬೇಕಾದುದು ಅಲ್ಲಿಂದ.

ಈ ಜ್ಞಾನ ಯಾರ ಸ್ವತ್ತು ಎಂಬ ಪ್ರಶ್ನೆಯೂ ಇದೆ. ಅರಿಸಿನದಿಂದ ಗಾಯ ಮಾಯುತ್ತದೆಂಬುದಕ್ಕೆ ಅಮೆರಿಕದಲ್ಲಿ ಕೊಟ್ಟ ಪೇಟೆಂಟು ೧೯೯೭ರಲ್ಲಿ ರದ್ದಾಯಿತು. ಬೇವಿನ ಶಿಲೀಂಧ್ರನಾಶಕ ಗುಣದ ಮೇಲಿನ ಪೇಟೆಂಟನ್ನು ಯುರೋಪಿನ ಪೇಟೆಂಟು ಕಚೇರಿ ೨೦೦೦ದಲ್ಲಿ ರದ್ದುಪಡಿಸಿ, ೨೦೦೫ರಲ್ಲಿ ಮೇಲ್ಮನವಿಯನ್ನೂ ತಳ್ಳಿಹಾಕಿತು. ಎರಡೂ ಗೆಲುವುಗಳಿಗೆ ಆಧಾರವಾದುದು ನಮ್ಮಲ್ಲಿ ಆ ಬಳಕೆ ಹಿಂದಿನಿಂದ ಇತ್ತೆಂಬ ದಾಖಲೆ, ಸಾಕ್ಷ್ಯ. ೨೦೦೨ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ನಡೆಯಬೇಕು. ಆ ಪುಸ್ತಕಗಳಲ್ಲಿ ಔಷಧಿ ಗಿಡಗಳ ಹೆಸರು ತುಂಬುವಾಗ ಒಣಮೀನು ಕಾಪಾಡುವ ಹೆಂಗಸರ ಅರಿವಿಗೂ ಒಂದು ಪುಟ ಮೀಸಲಾಗಲಿ. ದಾಖಲೆಗೆ ಬಾರದ ಜ್ಞಾನ ನಾಳೆ ಯಾರದೋ ಚೀಟಿ ಅಂಟಿಸಿಕೊಂಡು ನಮಗೇ ಮಾರಾಟಕ್ಕೆ ಬಂದೀತು.

ಮೊದಲು ಉಪ್ಪು, ಬಿಸಿಲು, ಮುಚ್ಚಳ

ಇಷ್ಟನ್ನೆಲ್ಲ ಹೇಳಿದ ಮೇಲೆ ನನ್ನ ನಿಲುವು ಸ್ಪಷ್ಟವಾಗಬೇಕು. ಸಸ್ಯಗಳು ಕೊನೆಯ ಕಾವಲುಗಾರರು. ಕೋಟೆ ಕಟ್ಟುವ ಕೆಲಸ ಬೇರೆಯದು. ಮೀನು ನೆಲದ ಮರಳಿನ ಮೇಲೆ ಒಣಗುತ್ತಿರುವವರೆಗೆ ಯಾವ ಸೊಪ್ಪೂ ಅದನ್ನು ಕಾಯಲಾರದು. ನೆಲದಿಂದ ಎತ್ತರಿಸಿದ ಬಿದಿರಿನ ಅಟ್ಟಣೆ, ಅದರ ಮೇಲೆ ಬಲೆ, ಮೇಲ್ಗಡೆ ನೊಣ ತಡೆಯುವ ಇನ್ನೊಂದು ಬಲೆ ಇದ್ದರೆ ಗಾಳಿ ಎರಡೂ ಬದಿಯಿಂದ ಆಡಿ ಮೀನು ಬೇಗ ಒಣಗುತ್ತದೆ. ಗುಜರಾತ್, ಮಹಾರಾಷ್ಟ್ರಗಳ ತೀರದಲ್ಲಿ ಬೊಂಬಿಲ್ ಮೀನನ್ನು ಬಿದಿರಿನ ಚೌಕಟ್ಟಿಗೆ ತೂಗುಹಾಕಿ ಒಣಗಿಸುವ ಪದ್ಧತಿ ಎಂದಿನಿಂದಲೋ ಇದೆ. ಮೂರು-ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಶುದ್ಧ ಉಪ್ಪು ಹಾಕಿದರೆ ನೊಣವೂ ದುಂಬಿಯೂ ಹಿಂಜರಿಯುತ್ತವೆ. ಬ್ರಿಟಿಷರ ಉಪ್ಪಿನ ಕರದಿಂದ ಮೀನಿಗೆ ಉಪ್ಪು ಸಾಲದೆ ಹೋದಾಗ ಮದರಾಸು ಪ್ರಾಂತದ ಸರ್ಕಾರವೇ ತೀರದಲ್ಲಿ ಮೀನು ಉಪ್ಪಿಡುವ ಅಂಗಳಗಳನ್ನು ತೆರೆದು ಕರವಿಲ್ಲದ ಉಪ್ಪನ್ನು ಕೊಡಬೇಕಾಯಿತು. ಅಂಕೋಲೆಯಲ್ಲಿ ೧೯೩೦ರ ಏಪ್ರಿಲಿನಲ್ಲಿ ಜನ ಉಪ್ಪಿಗಾಗಿ ಎದ್ದುನಿಂತದ್ದು ನಮ್ಮ ಚರಿತ್ರೆ. ಸಾಣಿಕಟ್ಟೆಯ ಉಪ್ಪಿನಾಗರ ಕಣ್ಣೆದುರಿಗಿರುವಾಗ ಮೀನು ಒಣಗಿಸುವ ಹೆಂಗಸರಿಗೆ ಒಳ್ಳೆಯ ಉಪ್ಪು ಅಗ್ಗದಲ್ಲಿ ದೊರೆಯುವಂತೆ ಮಾಡುವುದು ಕಷ್ಟದ ಕೆಲಸವೇ?

ಘಟ್ಟದ ಮೇಲಿನ ಮನೆಗಳಲ್ಲಿ ಮಾಡಬಹುದಾದುದೂ ಇದೆ. ಕೊಂಡ ಮೀನನ್ನು ನೇರವಾಗಿ ಡಬ್ಬಿಗೆ ತುಂಬಬಾರದು. ಅದರಲ್ಲಿ ಮೊಟ್ಟೆಗಳು ಆಗಲೇ ಇರಬಹುದು. ಮೇ ತಿಂಗಳ ಉರಿಬಿಸಿಲಿನಲ್ಲಿ ಕಪ್ಪು ಹಾಳೆಯ ಮೇಲೆ ಹರವಿ ಮೇಲೆ ಪಾರದರ್ಶಕ ಹಾಳೆ ಮುಚ್ಚಿದರೆ ಒಳಗಿನ ಬಿಸಿ ಏರುತ್ತದೆ. ಐವತ್ತು ಡಿಗ್ರಿ ಮೀರಿದ ಬಿಸಿಯಲ್ಲಿ ಹುಳುವೂ ಮೊಟ್ಟೆಯೂ ಹೆಚ್ಚು ಹೊತ್ತು ಬದುಕಲಾರವು. ಆರಿದ ಮೇಲೆ ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಅಥವಾ ದಪ್ಪ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಬಳಕೆಗೆ ವಾರವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಯಲ್ಲಿ ಬೇರೆಯಿಟ್ಟುಕೊಂಡರೆ ದೊಡ್ಡ ಡಬ್ಬಿ ಪದೇ ಪದೇ ತೆರೆಯುವುದಿಲ್ಲ. ಮೆಣಸಿನ ಹುಡಿ, ಜುಮ್ಮನಕಾಯಿ, ಲವಂಗಗಳ ಖಾರಕ್ಕೆ ನಿಜವಾದ ಬಲ ಬರುವುದು ಇಂತಹ ಮುಚ್ಚಿದ ಡಬ್ಬಿಯಲ್ಲಿ.

ನಂಬಿಕೆಯ ಮೇಲೆ ಮಾತ್ರ ಇದನ್ನು ಒಪ್ಪಬೇಕಾಗಿಲ್ಲ. ಸ್ತ್ರೀಶಕ್ತಿ ಗುಂಪುಗಳು, ಹೈಸ್ಕೂಲಿನ ಮಕ್ಕಳು ಒಂದು ಮಳೆಗಾಲದಲ್ಲಿ ಪರೀಕ್ಷಿಸಿ ನೋಡಬಹುದು. ಒಂದೇ ಚೀಲದ ಮೀನನ್ನು ಸಮತೂಕದ ಪಾಲುಗಳಾಗಿ ಮಾಡಿ, ಒಂದನ್ನು ಏನೂ ಹಾಕದೆ ಗೋಣಿಯಲ್ಲಿ, ಇನ್ನೊಂದನ್ನು ಏನೂ ಹಾಕದೆ ಬಿಗಿ ಡಬ್ಬಿಯಲ್ಲಿ, ಉಳಿದವನ್ನು ಮೆಣಸಿನ ಜೊಳ್ಳು, ಜುಮ್ಮನಕಾಯಿ, ಎಣ್ಣೆ ಇತ್ಯಾದಿಗಳೊಡನೆ ಅದೇ ಬಗೆಯ ಡಬ್ಬಿಗಳಲ್ಲಿ ಇಡಬೇಕು. ಪ್ರತಿಯೊಂದು ಬಗೆಯಲ್ಲಿಯೂ ಕನಿಷ್ಠ ಮೂರು ಪಾಲಿರಲಿ. ಹದಿನೈದು ದಿನಕ್ಕೊಮ್ಮೆ ತೂಗಿ, ಹುಡಿಯನ್ನು ಜರಡಿ ಹಿಡಿದು, ಹುಳು ಎಣಿಸಿ ಬರೆದಿಡಬೇಕು. ಕೊನೆಗೆ ಬೇಯಿಸಿ ರುಚಿ ನೋಡಬೇಕು. ಏನೂ ಹಾಕದ ಬಿಗಿ ಡಬ್ಬಿಯೇ ಗೆದ್ದರೆ ಅದನ್ನೂ ಸಂತೋಷದಿಂದ ಒಪ್ಪಬೇಕು. ಗಿಡದ ಗೆಲುವಿಗಿಂತ ಮೀನಿನ ಉಳಿವು ನಮಗೆ ದೊಡ್ಡದು. ಮಂಗಳೂರಿನ ಮೀನುಗಾರಿಕಾ ಕಾಲೇಜು, ಮೈಸೂರಿನ ಆಹಾರ ಸಂಶೋಧನಾಲಯ, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಂತಹ ಜನರ ಪ್ರಯೋಗಗಳಿಗೆ ಕೈಜೋಡಿಸಿದರೆ ತೇವ, ಉಪ್ಪು, ಶೇಷಗಳ ಅಳತೆಯೂ ದೊರೆತೀತು.

ಸರ್ಕಾರದ ಮುಂದೆ ನಾವು ಇಡಬೇಕಾದ ಬೇಡಿಕೆಗಳು ಮೂರು. ಸಂತೆಯ ಒಣಮೀನಿನಲ್ಲಿ ಕೀಟನಾಶಕದ ಶೇಷವನ್ನು ೨೦೦೬ರ ಆಹಾರ ಸುರಕ್ಷತಾ ಕಾಯ್ದೆಯಡಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಪರೀಕ್ಷೆ ಮಾರುವ ಹೆಂಗಸಿನ ಬುಟ್ಟಿಯನ್ನು ಕಿತ್ತುಕೊಳ್ಳುವ ನೆಪವಾಗದೆ, ಗೋದಾಮಿನಿಂದ ಆರಂಭವಾಗಬೇಕು. ಒಣಗಿಸುವವರಿಗೆ ಅಟ್ಟಣೆ, ಬಲೆ, ಉಪ್ಪು, ದಾಸ್ತಾನು ಕೋಣೆಗಳನ್ನು ಒದಗಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮೀನು ಒಣಗಿಸುವ ತೀರವನ್ನು ಉಳಿಸಬೇಕು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದು ಮನೆಗಾಗಿ ಮಾತ್ರವಲ್ಲ, ಮೀನು ಹರವುವ ಮರಳಿಗಾಗಿಯೂ ಹೌದು. ಅಂಗಳವೇ ಹೋದ ಮೇಲೆ ಹುಳುವಿನ ಮದ್ದಿನ ಚರ್ಚ��ಗೆ ಅರ್ಥವಿಲ್ಲ.

ಓದುಗರಲ್ಲಿ ಕೊನೆಯದಾಗಿ ಒಂದು ಮಾತು. ವಿಷಮುಕ್ತ ಅನ್ನಕ್ಕಾಗಿ ದುಡಿಯುವ ಚಳವಳಿ ಯಾರ ತಟ್ಟೆಯನ್ನು ನೋಡುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊತ್ತು ಇದು. ಒಣಮೀನಿನ ವಾಸನೆ ಎಲ್ಲರಿಗೂ ಹಿಡಿಸಬೇಕಿಲ್ಲ. ಅದನ್ನು ತಿನ್ನುವವರ ಮೈಗೆ ವಿಷ ಸೇರಬಾರದೆಂಬ ಮಾತು ಮಾತ್ರ ಎಲ್ಲರದಾಗಬೇಕು. ಬರುವ ಮಳೆಗಾಲದಲ್ಲಿ ನಿಮ್ಮೂರಿನಲ್ಲಿ ಯಾರಾದರೂ ಮೇಲೆ ಹೇಳಿದ ಪರೀಕ್ಷೆಯನ್ನು ಮಾಡಿದರೆ ಅದರ ಲೆಕ್ಕವನ್ನು ಈ ಪತ್ರಿಕೆಗೆ ಬರೆದು ಕಳುಹಿಸಿ. ಗೆದ್ದದ್ದನ್ನು ಬರೆದಂತೆ ಸೋತದ್ದನ್ನೂ ಬರೆಯಿರಿ. ಮುಂದಿನ ಊರಿನವರಿಗೆ ಎರಡೂ ಬೇಕು.